ನಳ ಬಂತು, ನೀರು ಬಂತಾ?

ನಮ್ಮ ಬೆಳಗಾವಿಯಲ್ಲಿ "ನೀರು ಬಂತು" ಅಂತ ಯಾರೂ ಹೇಳೋದಿಲ್ಲ. "ನಳ ಬಂತು" ಅಂತಾರೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ನಾನು ಹಾಗಂದಾಗ ಎಲ್ಲರೂ ನಕ್ಕಿದ್ದರು. ನಳ ಗೋಡೆಯಲ್ಲೇ ಇರುತ್ತಲ್ಲ, ಅದು ಎಲ್ಲಿಗೆ ಹೋಗಿ ಎಲ್ಲಿಂದ ಬರುತ್ತೆ ಮಾರಾಯಾ, ಅಂತ. ನಾನೂ ನಕ್ಕೆ. ಆದರೆ ಯೋಚನೆ ಮಾಡಿ. ಒಂದು ಊರಿನ ಜನ ತಮ್ಮ ಭಾಷೆಯಲ್ಲಿ ನೀರಿಗೂ ನಳಕ್ಕೂ ವ್ಯತ್ಯಾಸವನ್ನೇ ಇಟ್ಟುಕೊಂಡಿಲ್ಲ ಅಂದರೆ, ಆ ನಳ ಎಷ್ಟು ಅಪರೂಪದ ನೆಂಟ ಆಗಿರಬೇಕು?

ವಡಗಾವಿಯ ನಮ್ಮ ಹಳೆಯ ಮನೆಯಲ್ಲಿ ಅವ್ವ ಮಲಗುವ ಮುಂಚೆ ನಳ ತಿರುವಿ ಬಿಟ್ಟು, ಅದರ ಕೆಳಗೆ ಖಾಲಿ ಕೊಡ ಇಡುತ್ತಿದ್ದಳು. ಅದೇ ಅವಳ ಅಲಾರಾಂ. ರಾತ್ರಿ ಎರಡಕ್ಕೋ ಮೂರಕ್ಕೋ ಮೊದಲು ಸುಂಯ್ ಅಂತ ಗಾಳಿ ಬರುತ್ತಿತ್ತು, ಆಮೇಲೆ ಕೊಡದ ತಳಕ್ಕೆ ನೀರು ಬಡಿದ ಸದ್ದು. "ಏಳಪಾ, ನಳ ಬಂತು." ಮುಂದಿನ ಒಂದೂವರೆ ಗಂಟೆ ಇಡೀ ಓಣಿಗೆ ಬೆಳಗು. ಹಂಡೆ, ಬ್ಯಾರಲ್, ಕೊಡ, ತಂಬಿಗೆ, ಕೊನೆಗೆ ಒಗ್ಗರಣೆ ಪಾತ್ರೆಗೂ ನೀರು ತುಂಬಿಸಿ ಮಲಗಿದರೆ ಇನ್ನು ಮೂರ್ನಾಲ್ಕು ದಿನ ನಿಶ್ಚಿಂತೆ. ನೀರು ನಿಲ್ಲುವ ಹೊತ್ತಿಗೆ ನನ್ನದೊಂದು ಆಟವಿತ್ತು. ನಳದ ಬಾಯಿಗೆ ಅಂಗೈ ಇಟ್ಟರೆ ಅದು ಒಳಕ್ಕೆ ಚುಪ್ ಅಂತ ಎಳೆಯುತ್ತಿತ್ತು. ಆ ಸುಂಯ್ ಮತ್ತು ಈ ಚುಪ್ ಎರಡನ್ನೂ ನೆನಪಿಟ್ಟುಕೊಳ್ಳಿ. ಇವತ್ತಿನ ಅರ್ಧ ಕಥೆ ಅದರಲ್ಲೇ ಇದೆ.

ಆಗಿನ ಯಾವ ಜನಗಣತಿಯವರು ಬಂದು ಕೇಳಿದ್ದರೂ ನಮ್ಮ ಮನೆಯ ಮುಂದೆ ಒಂದು ಟಿಕ್ ಬೀಳುತ್ತಿತ್ತು: ಮನೆಯೊಳಗೇ ನಲ್ಲಿ ಇದೆ. ಸರ್ಕಾರದ ಲೆಕ್ಕದಲ್ಲಿ ನಾವು ನೀರು ಇದ್ದವರು. ಅವ್ವನ ನಿದ್ದೆಯ ಲೆಕ್ಕ ಯಾವ ಕಾಲಂನಲ್ಲೂ ಇರಲಿಲ್ಲ.

ಹಾಗಾದರೆ "ಕುಡಿಯುವ ನೀರು ಸಿಗ್ತಿದೆ" ಅಂದರೆ ಏನು? ಇದಕ್ಕೆ ಜಗತ್ತು ಒಂದು ಏಣಿ ಮಾಡಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಬಳಸುವ ಏಣಿ. ತೀರಾ ಕೆಳಗೆ ಹೊಳೆ, ಕೆರೆ, ಹಳ್ಳದ ನೀರನ್ನು ನೇರವಾಗಿ ಕುಡಿಯುವವರು. ಸ್ವಲ್ಪ ಮೇಲೆ, ರಕ್ಷಣೆ ಇಲ್ಲದ ತೆರೆದ ಬಾವಿಯವರು. ಅದಕ್ಕೂ ಮೇಲೆ, ಒಳ್ಳೆಯ ಮೂಲ ಇದ್ದರೂ ಹೋಗಿ, ಪಾಳಿಯಲ್ಲಿ ನಿಂತು, ಹೊತ್ತು ತರಲು 30 ನಿಮಿಷಕ್ಕಿಂತ ಹೆಚ್ಚು ಬೇಕಾದವರು. 30 ನಿಮಿಷದ ಒಳಗೆ ಮುಗಿದರೆ ಅದು "ಮೂಲಭೂತ" ಸೌಲಭ್ಯ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಮೂರು ಶರತ್ತು: ನೀರು ಮನೆಯ ಆವರಣದಲ್ಲೇ ಇರಬೇಕು, ಬೇಕಾದಾಗ ಬರಬೇಕು, ಅದರಲ್ಲಿ ಕೊಳಕು, ವಿಷ ಇರಬಾರದು. 2022ರ ಲೆಕ್ಕದಲ್ಲಿ ಈ ಕೊನೆಯ ಮೆಟ್ಟಿಲು ಹತ್ತದವರು ಜಗತ್ತಿನಲ್ಲಿ ಸುಮಾರು 220 ಕೋಟಿ ಜನ. "ಮೂಲಭೂತ" ಮೆಟ್ಟಿಲನ್ನೂ ಮುಟ್ಟದವರು ಸುಮಾರು 70 ಕೋಟಿ.

ಆ 30 ನಿಮಿಷ ಕೇಳೋಕೆ ಸಣ್ಣದು. ನಮ್ಮ ಕೇಂದ್ರ ಸರ್ಕಾರದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನುತ್ತೆ. ಐದು ಜನರ ಮನೆಗೆ 275 ಲೀಟರ್. ಹದಿನೈದು ಲೀಟರಿನ ಕೊಡವಾದರೆ ಹದಿನೆಂಟು ಕೊಡ. ತಲೆಯ ಮೇಲೊಂದು, ಸೊಂಟಕ್ಕೊಂದು ಅಂತ ಎರಡೆರಡು ತಂದರೂ ಒಂಬತ್ತು ಸಲ ಹೋಗಿ ಬರಬೇಕು. ಒಂದು ಸಲಕ್ಕೆ ಅರ್ಧ ಗಂಟೆಯಾದರೆ ನಾಲ್ಕೂವರೆ ಗಂಟೆ! ಅಷ್ಟು ಹೊತ್ತು ಯಾರೂ ಹೊರಲಾರರು. ಹಾಗಾಗಿ ಏನು ಮಾಡ್ತಾರೆ? ಕಡಿಮೆ ಬಳಸ್ತಾರೆ. ಕೈ ತೊಳೆಯೋದು, ಪಾತ್ರೆ ತೊಳೆಯೋದು, ಮಕ್ಕಳ ಸ್ನಾನ, ಹೆಣ್ಣುಮಕ್ಕಳ ತಿಂಗಳ ಸ್ವಚ್ಛತೆ ಒಂದೊಂದಾಗಿ ಕಡಿತವಾಗುತ್ತೆ. ರೋಗ ಬರೋದು ಕೊಳಕು ನೀರು ಕುಡಿದರೆ ಮಾತ್ರ ಅಲ್ಲ. ಸಾಕಷ್ಟು ನೀರು ಇಲ್ಲದಿದ್ದರೂ ಬರುತ್ತೆ.

ಈಗ ಬೆಳಗಾವಿ ನಗರಕ್ಕೆ ಬರೋಣ. ನಮ್ಮ ಊರಿಗೆ ನೀರು ಎರಡು ಕಡೆಯಿಂದ. ಹತ್ತಿರದ್ದು ಮಾರ್ಕಂಡೇಯ ನದಿಯ ರಾಕಸ್ಕೊಪ್ಪ ಜಲಾಶಯ. ದೂರದ್ದು ಘಟಪ್ರಭೆಯ ಹಿಡಕಲ್ ಜಲಾಶಯ. ಲಕ್ಷ್ಮೀ ಟೇಕ್, ಬಸವನಕೊಳ್ಳದಲ್ಲಿ ಶುದ್ಧವಾಗಿ ಊರಿನೊಳಗೆ ಇಳಿಯುತ್ತೆ. ಹಿಡಕಲ್‌ನದ್ದು 51 ಟಿಎಂಸಿ ಸಾಮರ್ಥ್ಯದ ಅಣೆಕಟ್ಟು. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 4.9 ಲಕ್ಷ. ದೊಡ್ಡ ನಗರಗಳಿಗೆ ಅಂತ ಹಾಕಿರುವ ಮಾನದಂಡ ಒಬ್ಬರಿಗೆ ದಿನಕ್ಕೆ 135 ಲೀಟರ್. ಗುಣಿಸಿ ನೋಡಿ. ಅಷ್ಟೂ ಜನರಿಗೆ ಇಡೀ ವರ್ಷ ಕೊಟ್ಟರೂ ಒಂದು ಟಿಎಂಸಿ ತುಂಬೋದಿಲ್ಲ, 0.85ರ ಆಸುಪಾಸು. ಈಗ ಜನ ಜಾಸ್ತಿಯಾಗಿದ್ದಾರೆ, ಸೋರಿಕೆ ಇದೆ, ಹೋಟೆಲು ಆಸ್ಪತ್ರೆಗಳಿವೆ. ಒಪ್ಪಿದೆ, ದುಪ್ಪಟ್ಟು ಮಾಡಿ. ಆಗಲೂ ಎರಡು ಟಿಎಂಸಿ ದಾಟೋದಿಲ್ಲ. ಮಳೆ ಕೈಕೊಟ್ಟ ವರ್ಷದ ಮಾತು ಬೇರೆ. ಆದರೆ ಸಾಮಾನ್ಯ ವರ್ಷದಲ್ಲೂ ನಳ ಮೂರು ದಿನಕ್ಕೋ ನಾಲ್ಕು ದಿನಕ್ಕೋ ಬರುತ್ತೆ ಅಂದರೆ, ಕೊರತೆ ಇರೋದು ನದಿಯಲ್ಲಿ ಅಲ್ಲ. ಪೈಪಿನಲ್ಲಿ.

ಇದನ್ನು ಈ ಊರು ಒಂದು ಸಲ ಕಣ್ಣಾರೆ ನೋಡಿದೆ. ವಿಶ್ವ ಬ್ಯಾಂಕ್ ಸಾಲದ ಯೋಜನೆಯೊಂದರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಈ ಮೂರು ಕಡೆ ಕೆಲವೇ ವಾರ್ಡ್‌ಗಳನ್ನು ಆರಿಸಿಕೊಂಡು ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆಯಿತು. 2008ರಲ್ಲಿ ನೀರು ಹರಿಯಿತು. ಬೆಳಗಾವಿಯಲ್ಲಿ ಆಗಿದ್ದ 58 ವಾರ್ಡ್‌ಗಳಲ್ಲಿ 10 ವಾರ್ಡ್. ಅದೇ ನದಿ, ಅದೇ ಅಣೆಕಟ್ಟು. ಬದಲಾಗಿದ್ದು ಪೈಪು, ಮೀಟರು ಮತ್ತು ನಿರ್ವಹಣೆ. ಒಂದು ಓಣಿಯವರು ರಾತ್ರಿ ನಿಶ್ಚಿಂತೆಯಿಂದ ಮಲಗಿದರು, ಪಕ್ಕದ ವಾರ್ಡಿನವರು ಕೊಡ ಇಟ್ಟುಕೊಂಡು ಕಾಯುತ್ತಲೇ ಇದ್ದರು. ಉಳಿದ ವಾರ್ಡ್‌ಗಳಿಗೂ ಇದನ್ನು ವಿಸ್ತರಿಸುವ ಕೆಲಸ ನೆಲಕ್ಕೆ ಇಳಿಯೋದಕ್ಕೆ ಹತ್ತು ವರ್ಷಕ್ಕೂ ಮೀರಿ ಹಿಡಿಯಿತು.

"24 ಗಂಟೆ ನೀರಾ? ಇರೋ ನೀರೇ ಸಾಲ್ತಿಲ್ಲ, ಇವರಿಗೆ ಐಷಾರಾಮ ಬೇರೆ ಕೇಡು" ಅನ್ನುವವರಿದ್ದಾರೆ. ಇಲ್ಲಿ ನನ್ನೊಳಗಿನ ಎಂಜಿನಿಯರ್‌ಗೆ ಎರಡು ನಿಮಿಷ ಮೈಕ್ ಕೊಡಿ.

ಐದು ಜನರ ಮನೆಗೆ ದಿನಕ್ಕೆ 675 ಲೀಟರ್ ಬೇಕು ಅಂತಿಟ್ಟುಕೊಳ್ಳಿ. 24 ಗಂಟೆಯಲ್ಲಿ ಹಂಚಿದರೆ ನಿಮಿಷಕ್ಕೆ ಅರ್ಧ ಲೀಟರ್. ಬೆಳಗಿನ ಗಡಿಬಿಡಿಗೆ ಅದರ ಮೂರು-ನಾಲ್ಕು ಪಟ್ಟು ಹಿಡಿಯಿರಿ, ಸಣ್ಣ ಪೈಪೂ ಸಾಕು. ಈಗ ಅದೇ ಮನೆಗೆ ನಾಲ್ಕು ದಿನಕ್ಕೊಮ್ಮೆ ಎರಡು ಗಂಟೆ ನೀರು ಬಿಡಿ. ನಾಲ್ಕು ದಿನದ 2,700 ಲೀಟರ್ ಎರಡೇ ಗಂಟೆಯಲ್ಲಿ ತುಂಬಬೇಕು. ನಿಮಿಷಕ್ಕೆ 22 ಲೀಟರ್! ಇಡೀ ಓಣಿ ಒಂದೇ ಹೊತ್ತಿಗೆ ಹಾಗೆ ಎಳೆದರೆ ಮುಂದಿನ ಮನೆಯ ಟಾಕಿ ತುಂಬುತ್ತೆ, ಓಣಿಯ ತುದಿಯ ಮನೆಗೆ ಸುಂಯ್ ಅನ್ನೋ ಗಾಳಿ ಮಾತ್ರ. ಆಗ ತುದಿಯವನು ಏನು ಮಾಡ್ತಾನೆ? ಸಾಲ ಮಾಡಿ ಒಂದು ಮೋಟಾರ್ ತಂದು ನೇರವಾಗಿ ಪೈಪಿಗೇ ಹಾಕ್ತಾನೆ. ಅವನ ಪಕ್ಕದವನು ಅದಕ್ಕಿಂತ ದೊಡ್ಡ ಮೋಟಾರ್ ತರ್ತಾನೆ. ಮೋಟಾರ್ ಇಲ್ಲದ ಮನೆಗೆ ಏನೂ ಇಲ್ಲ.

ಈಗ ನಾನು ಅಂಗೈ ಇಟ್ಟು ಆಡುತ್ತಿದ್ದ ಆ ಚುಪ್. ನೀರು ನಿಂತ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆ ಇಳಿಯುತ್ತೆ. ಹಿಂದೆ ಖಾಲಿಯಾದ ಜಾಗ ಎಲ್ಲಿಂದಲಾದರೂ ಏನನ್ನಾದರೂ ಎಳೆದುಕೊಳ್ಳಲೇಬೇಕು. ನಮ್ಮ ನಳದಲ್ಲಿ ನನ್ನ ಅಂಗೈ ಇತ್ತು. ಆದರೆ ಅದೇ ಪೈಪು ಓಣಿಯ ಗಟಾರದ ಅಡಿಯಲ್ಲಿ ಹಾದು ಹೋಗಿದೆ. ಅಲ್ಲೊಂದು ಬಿರುಕು, ಒಂದು ಸಡಿಲ ಜಾಯಿಂಟ್. ಪೈಪಿನಲ್ಲಿ ಒತ್ತಡ ಇದ್ದಾಗ ಆ ಬಿರುಕಿನಿಂದ ಒಳ್ಳೆಯ ನೀರು ಹೊರಗೆ ಸೋರುತ್ತೆ. ಒತ್ತಡ ಸತ್ತಾಗ ಹೊರಗಿನ ಗಟಾರದ ನೀರು ಒಳಗೆ ನುಗ್ಗುತ್ತೆ. ಮುಂದಿನ ಸರದಿಯ ಮೊದಲ ಹತ್ತು ನಿಮಿಷ ನಿಮ್ಮ ನಳದಲ್ಲಿ ಬರುವ ಕೆಂಪು ನೀರು, ವಾಸನೆಯ ನೀರು ಅದೇ. ಶುದ್ಧೀಕರಣ ಘಟಕದಿಂದ ಸ್ಫಟಿಕದಂತೆ ಹೊರಟ ನೀರು ನಿಮ್ಮ ಮನೆಗೆ ನೂರು ಮೀಟರ್ ದೂರದಲ್ಲಿ ಕೆಡುತ್ತೆ. ಫೋಟೋಗೆ ಘಟಕದ ಮುಂದೆ ನಿಂತು ಒಂದು ಲೋಟ ಕುಡಿದು ತೋರಿಸುವ ರಾಜಕಾರಣಿ ಸುಳ್ಳು ಹೇಳ್ತಿಲ್ಲ. ಅವರು ನಿಂತ ಜಾಗ ತಪ್ಪು, ಅಷ್ಟೇ.

ಇದು ಬರೀ ಪುಸ್ತಕದ ಮಾತಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು 24 ಗಂಟೆ ನೀರಿನ ವಾರ್ಡ್ ಮತ್ತು ಸರದಿ ನೀರಿನ ವಾರ್ಡ್‌ಗಳನ್ನು ಹೋಲಿಸಿ ನೋಡಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಸರದಿಯ ನಳಗಳಲ್ಲಿ ಹಿಡಿದ ನೀರಿನ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಾದರಿಯಲ್ಲಿ ಈ-ಕೊಲೈ, ಅಂದರೆ ಮಲದ ಗುರುತು. 24 ಗಂಟೆಯ ನಳಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದೇ ಊರು, ಒಂದೇ ಮೂಲ! ಆರೋಗ್ಯದ ಮೇಲೆ ಏನಾಯಿತು ಅಂತ 2015ರಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳಿತು. ಸಾಮಾನ್ಯ ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು, ಟೈಫಾಯಿಡ್ ಕಡಿಮೆ ಇತ್ತು. ಲಾಭ ಹೆಚ್ಚಾಗಿ ಸಿಕ್ಕಿದ್ದು ಫಿಲ್ಟರ್ ಕೊಳ್ಳಲಾರದವರಿಗೆ.

ಮೀಟರ್ ಬಂದರೆ ಬಡವರಿಗೆ ಹೊರೆ, ಖಾಸಗಿಯವರ ಕೈಗೆ ನೀರು ಕೊಟ್ಟ ಹಾಗೆ ಅನ್ನುವ ವಿರೋಧ ಆಗಲೂ ಇತ್ತು, ಈಗಲೂ ಇದೆ. ಆ ಪ್ರಶ್ನೆ ಹಗುರವಾದದ್ದಲ್ಲ. ದರ ಯಾರು ನಿಗದಿ ಮಾಡ್ತಾರೆ, ಬಿಲ್ ಕಟ್ಟದವನ ನಳ ಕಟ್ ಆಗುತ್ತಾ, ಬಾಡಿಗೆ ಮನೆಯಲ್ಲಿರುವವನಿಗೆ ಸಂಪರ್ಕ ಸಿಗುತ್ತಾ, ಇವನ್ನು ಕೇಳಲೇಬೇಕು. ಆದರೆ ಇನ್ನೊಂದು ಬಿಲ್ ಕೂಡ ನೋಡಿ. 20 ಲೀಟರ್ ಕ್ಯಾನ್‌ಗೆ 30 ರೂಪಾಯಿ ಕೊಟ್ಟರೆ ಸಾವಿರ ಲೀಟರ್‌ಗೆ 1,500 ರೂಪಾಯಿ ಆಯಿತು. ನಳ ನಂಬಿಕೆ ಕಳೆದುಕೊಂಡ ದಿನವೇ ನೀರು ಖಾಸಗಿಯಾಯಿತು. ಅದಕ್ಕೆ ಯಾರೂ ಪ್ರತಿಭಟನೆ ಮಾಡಲಿಲ್ಲ, ಯಾಕಂದರೆ ಅದಕ್ಕೊಂದು ಟೆಂಡರ್ ಇರಲಿಲ್ಲ.

ಹಾಗಂತ ಈ ಊರಿಗೆ ನೀರಿನ ಬುದ್ಧಿ ಇಲ್ಲ ಅನ್ನಬೇಡಿ. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆದಾಗ, ಬರುವ ಸಾವಿರಾರು ಜನರಿಗೆ ಕುಡಿಯೋಕೆ ನೀರು ಬೇಕಲ್ಲ ಅಂತ ಟಿಳಕವಾಡಿಯಲ್ಲಿ ಒಂದು ದೊಡ್ಡ ಬಾವಿ ತೋಡಿದರು. ಅಧಿವೇಶನದ ಜಾಗಕ್ಕೆ ವಿಜಯನಗರ ಅಂತ ಹೆಸರು, ಬಾವಿಗೆ ಪಂಪಾ ಸರೋವರ. ಖರ್ಚು ಆಗಿನ ನಾಲ್ಕು ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚು. ನಾವೀಗ ಅದನ್ನು ಕಾಂಗ್ರೆಸ್ ಬಾವಿ ಅಂತೀವಿ. 1995ರಲ್ಲಿ ಊರಿಗೆ ನೀರಿನ ಬರ ಬಂದಾಗ ಜನಕ್ಕೆ ನೆನಪಾಗಿದ್ದು ಇಂಥ ಹಳೆಯ ಬಾವಿಗಳೇ. ಹೂಳೆತ್ತಿ, ಸ್ವಚ್ಛ ಮಾಡಿ, ಪಂಪ್ ಕೂರಿಸಿ ಅವನ್ನು ಮತ್ತೆ ಕೆಲಸಕ್ಕೆ ಹಚ್ಚಿದರು. ಎರಡು ದಿನದ ಸಭೆಗೆ ಬರುವ ಅತಿಥಿಗಳಿಗಾಗಿ ಒಂದು ಬಾವಿಯನ್ನೇ ತೋಡಿದ ಊರು ಇದು.

ಇನ್ನು ಖಾನಾಪುರ. ಬೆಳಗಾವಿಯಿಂದ ಮುಕ್ಕಾಲು ಗಂಟೆಯ ದಾರಿ. ಈ ತಾಲೂಕಿನ ಭೂಪಟ ನೋಡಿದರೆ ನಿಮಗೆ ಹೊಟ್ಟೆಕಿಚ್ಚಾಗಬೇಕು. ಕಣಕುಂಬಿಯ ಮಾವುಲಿ ದೇವಿಯ ಗುಡಿಯ ಹತ್ತಿರ ಮಲಪ್ರಭೆ ಹುಟ್ಟುತ್ತಾಳೆ. ಪೂರ್ವಕ್ಕೆ ಹರಿದು, ಸವದತ್ತಿಯ ನವಿಲುತೀರ್ಥ ಅಣೆಕಟ್ಟು ತುಂಬಿಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲೂಕಿನ ಕಾಡಿನಲ್ಲಿ ಮಹದಾಯಿಯೂ ಹುಟ್ಟಿ ಪಶ್ಚಿಮಕ್ಕೆ, ಗೋವಾ ಕಡೆಗೆ ಇಳಿಯುತ್ತಾಳೆ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಕಡೆ ಹೋಗಿ, ಛತ್ರಿ ತೆರೆದು ಪ್ರಯೋಜನ ಇಲ್ಲ. ಮಳೆ ಅಡ್ಡಡ್ಡ ಬರುತ್ತೆ.

ಎರಡು ನದಿಗಳ ತವರುಮನೆ ಇದು. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಈ ತವರುಮನೆಯ ಹೆಣ್ಣುಮಕ್ಕಳು ಏನು ಮಾಡ್ತಾರೆ ಗೊತ್ತಾ?

ರಿಪೋರ್ಟರ್ ಆಗಿದ್ದ ಮೊದಲ ವರ್ಷ ಮಹದಾಯಿ ಸ್ಟೋರಿ ಮಾಡಲು ಕಾಡಿನೊಳಗಿನ ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರು ಬೇಡ, ಅಂಥ ಊರು ಒಂದಲ್ಲ. ಕ್ಯಾಮೆರಾದವನು ಒಣಗಿದ ಹಳ್ಳದ ಶಾಟ್ ತೆಗೆಯುತ್ತಿದ್ದ. ಹಳ್ಳದ ಮರಳಿನಲ್ಲಿ ಮೊಣಕಾಲುದ್ದದ ವರತೆ ತೋಡಿ ಒಬ್ಬ ಹೆಂಗಸು ಕರಟದಿಂದ ನೀರು ಮೊಗೆದು, ಸೀರೆಯ ಸೆರಗಿನಲ್ಲಿ ಸೋಸಿ ಘಾಗರಿಗೆ ಹಾಕುತ್ತಿದ್ದರು. ಒಂದು ಕರಟ ಮೊಗೆದ ಮೇಲೆ ಮತ್ತೆ ಊರುವ ತನಕ ಕಾಯಬೇಕು. ನಾನು ನನ್ನ ಹರಕು ಮರಾಠಿಯಲ್ಲಿ, "ಮಾವಶಿ, ಮಹದಾಯಿ ನೀರಿನ ಬಗ್ಗೆ ಏನಂತೀರಿ? ಕರ್ನಾಟಕಕ್ಕೆ ಸಿಗಬೇಕಾ ಬೇಡವಾ?" ಅಂತ ಮೈಕ್ ಹಿಡಿದೆ. ಆಕೆ ಕೆಲಸ ನಿಲ್ಲಿಸಲಿಲ್ಲ. "ಯಾರಿಗೆ ಬೇಕೋ ಅವರು ಒಯ್ಯಲಿ ಬಾಳಾ," ಅಂದರು, "ನಮಗೆ ಎರಡು ಘಾಗರ ಬಿಟ್ಟು ಒಯ್ಯಲಿ." ಆ ಬೈಟ್ ಅವತ್ತು ಪ್ರಸಾರ ಆಗಲಿಲ್ಲ. ಪರವೂ ಅಲ್ಲ, ವಿರೋಧವೂ ಅಲ್ಲ, ಇದನ್ನ ಎಲ್ಲಿ ಹಾಕೋದು ಅಂದರು ಡೆಸ್ಕ್‌ನಲ್ಲಿ. ನಾನೂ ವಾದ ಮಾಡಲಿಲ್ಲ. ಇವತ್ತಿಗೂ ಅದು ನನಗೆ ನಾಚಿಕೆಯ ವಿಷಯ.

ಅಷ್ಟು ಮಳೆ ಬೀಳುವ ಕಡೆ ಬೇಸಿಗೆಯಲ್ಲಿ ಯಾಕೆ ಬರ? ಕಾರಣ ನೆಲದಲ್ಲಿದೆ. ಮಳೆಯೆಲ್ಲ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತೆ. ಗುಡ್ಡದ ಇಳಿಜಾರಿನಲ್ಲಿ ಬಹುಪಾಲು ಹರಿದೇ ಹೋಗುತ್ತೆ. ಮೇಲ್ಪದರದ ಜಂಬಿಟ್ಟಿಗೆ ಕಲ್ಲು ತೂತುತೂತಾದ ಸ್ಪಂಜಿನ ಹಾಗೆ. ಬೇಗ ಕುಡಿಯುತ್ತೆ, ಬೇಗ ಬಿಟ್ಟುಕೊಡುತ್ತೆ. ಅದರ ಕೆಳಗೆ ಗಟ್ಟಿ ಬಂಡೆ. ಗುಡ್ಡದ ಬದಿಯ ಝರಿಗಳು ಚಳಿಗಾಲದವರೆಗೆ ಹರಿದು ಮಾರ್ಚ್‌ಗೆ ದಣಿಯುತ್ತವೆ. ಮೇಲೆ ಕಾಡು ದಟ್ಟವಾಗಿದ್ದರೆ ಇನ್ನೊಂದು ತಿಂಗಳು ಹೆಚ್ಚು ಬಾಳುತ್ತವೆ, ಕಾಡು ಬೋಳಾದರೆ ಒಂದು ತಿಂಗಳು ಮೊದಲೇ ಸಾಯುತ್ತವೆ. ಅಂದರೆ ಇಲ್ಲಿ ಬೇಕಾಗಿರೋದು ದೂರದಿಂದ ತರುವ ನದಿ ಅಲ್ಲ. ಮಳೆಗಾಲದ ನೀರನ್ನು ಮೇ ತಿಂಗಳವರೆಗೆ ಹಿಡಿದಿಡುವ ಒಂದು ಟಾಕಿ, ಒಂದು ಬಾವಿ, ಮತ್ತು ಮೇಲಿನ ಕಾಡು.

ಈಗ ಟಿಎಂಸಿ ಲೆಕ್ಕ. ನಮ್ಮ ಸ್ಟುಡಿಯೋಗಳಲ್ಲಿ ಈ ಪದವನ್ನು ಎಷ್ಟು ಸಲ ಕೂಗಿದ್ದೇವೋ ದೇವರೇ ಬಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿತು. ಅದರಲ್ಲಿ 8.02 ವಿದ್ಯುತ್ ಉತ್ಪಾದನೆಗೆ. ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ ತಿರುಗಿಸಲು 3.9. ಮಹದಾಯಿ ಕಣಿವೆಯ ಒಳಗಿನ ಬಳಕೆಗೆ 1.5. 2020ರ ಫೆಬ್ರವರಿಯಲ್ಲಿ ಗೆಜೆಟ್ ಅಧಿಸೂಚನೆಯೂ ಆಯಿತು. ಹುಬ್ಬಳ್ಳಿ-ಧಾರವಾಡ, ನರಗುಂದ, ನವಲಗುಂದದ ಜನ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ, ಅವರ ಬಾಯಾರಿಕೆ ಸುಳ್ಳಲ್ಲ. ಕಾಡು ಉಳಿಯಲಿ ಅನ್ನುವ ಖಾನಾಪುರದವರ ಆತಂಕವೂ ಸುಳ್ಳಲ್ಲ. ನಾನು ಇಲ್ಲಿ ತೀರ್ಪು ಕೊಡ್ತಿಲ್ಲ. ಒಂದೇ ಒಂದು ಗುಣಾಕಾರ ಮಾಡ್ತೀನಿ.

ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಒಬ್ಬರಿಗೆ ದಿನಕ್ಕೆ 55 ಲೀಟರ್‌ನಂತೆ ಕೊಟ್ಟರೆ ಒಂದು ಟಿಎಂಸಿ 14 ಲಕ್ಷ ಜನರಿಗೆ ಇಡೀ ವರ್ಷ ಸಾಕು. ಐನೂರು ಜನರ ಒಂದು ಕಾಡಂಚಿನ ಊರಿಗೆ ವರ್ಷಕ್ಕೆ ಬೇಕಾಗಿದ್ದು ಒಂದು ಕೋಟಿ ಲೀಟರ್. ಅಂದರೆ ಒಂದು ಟಿಎಂಸಿಯಲ್ಲಿ 2,800 ಪಾಲು ಮಾಡಿ ಅದರಲ್ಲೊಂದು ಪಾಲು! ನ್ಯಾಯಮಂಡಳಿಯ ಲೆಕ್ಕದಲ್ಲಿ ಇದು ಬಿಂದುವಿನ ಆಚೆಗೂ ಕಾಣಿಸದ ಸಂಖ್ಯೆ. ಆ ಮಾವಶಿಯ ಎರಡು ಘಾಗರ ಕೊಡೋದಕ್ಕೆ ಯಾವ ರಾಜ್ಯದ ಒಪ್ಪಿಗೆಯೂ ಬೇಕಿಲ್ಲ, ಯಾವ ಅಣೆಕಟ್ಟೂ ಬೇಕಿಲ್ಲ. ಆದರೂ ನಾವು ಪ್ರತಿ ಸಲ ಜಗಳದ ನೀರನ್ನೇ ತೋರಿಸ್ತೀವಿ. ಕುಡಿಯುವ ನೀರಿನ ಹೆಸರಿನಲ್ಲಿ ಜಗಳ ನಡೆಯುತ್ತೆ, ಕುಡಿಯುವವರು ಮಾತ್ರ ಹಳ್ಳದಲ್ಲೇ ಇರ್ತಾರೆ.

ಕೆಲಸ ಆಗಿಯೇ ಇಲ್ಲ ಅನ್ನೋದು ಅನ್ಯಾಯದ ಮಾತು. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾದಾಗ ದೇಶದ ಹಳ್ಳಿ ಮನೆಗಳಲ್ಲಿ ನೂರಕ್ಕೆ ಹದಿನೇಳರಲ್ಲಿ ಮಾತ್ರ ನಲ್ಲಿ ಇತ್ತು. ಆಮೇಲೆ ಕೋಟಿಗಟ್ಟಲೆ ಮನೆಗಳಿಗೆ ಸಂಪರ್ಕ ಹೋಗಿದೆ. 2024ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನು 2028ಕ್ಕೆ ಮುಂದೂಡಿದ್ದಾರೆ. ನಮ್ಮಲ್ಲಿ ಇದಕ್ಕೆ "ಮನೆ ಮನೆಗೆ ಗಂಗೆ" ಅಂತ ಹೆಸರು. ಖಾನಾಪುರ ಕಡೆ ಹೋದರೆ ಮನೆಯ ಮುಂದೆ ಸಿಮೆಂಟ್ ಕಟ್ಟೆಯಲ್ಲಿ ನೆಟ್ಟ ನೀಲಿ ಪೈಪು, ಅದಕ್ಕೊಂದು ನಳ ನೀವೂ ನೋಡಬಹುದು. ನಾನು ನೋಡಿದ ಒಂದು ಮನೆಯಲ್ಲಿ ಆ ನಳಕ್ಕೆ ಎಮ್ಮೆಯ ಹಗ್ಗ ಕಟ್ಟಿದ್ದರು. "ನಳ ಬಂತ್ರೀ ಅಣ್ಣಾರ, ನೀರು ಇನ್ನೂ ಬಂದಿಲ್ರೀ" ಅಂದರು ಮನೆಯೊಡೆಯ. ನಮ್ಮ ಬೆಳಗಾವಿ ಭಾಷೆಯ ತಮಾಷೆ ಅವತ್ತು ಪೂರ್ತಿ ತಿರುಗಿಬಿತ್ತು. ನಮ್ಮಲ್ಲಿ ನಳ ಬಂತು ಅಂದರೆ ನೀರು ಬಂತು ಅಂತ. ಇಲ್ಲಿ ನಳ ಬಂದಿತ್ತು, ನೀರಿನ ಮೂಲವನ್ನೇ ಯಾರೂ ಹುಡುಕಿರಲಿಲ್ಲ.

ಕಾಡಿನೊಳಗಿನ ಊರುಗಳಿಗೆ ಇನ್ನೂ ಒಂದು ಗಂಟು. ಭೀಮಗಡ 2011ರಲ್ಲಿ ವನ್ಯಜೀವಿಧಾಮ ಆಯಿತು. ಒಳಗಿನ ಊರುಗಳಿಗೆ ರಸ್ತೆ, ಕರೆಂಟು, ಪೈಪು ಯಾವುದಕ್ಕೂ ಅನುಮತಿಗಳ ಸರಮಾಲೆ. ಕೆಲವು ಊರುಗಳವರನ್ನು ಪರಿಹಾರ ಕೊಟ್ಟು ಹೊರಗೆ ಕರೆತರುವ ಪ್ರಕ್ರಿಯೆಯೂ ಇದೆ. ಒಪ್ಪಿ ಬರುವವರು ಬರಲಿ. ಆದರೆ "ಹೇಗೂ ಎದ್ದು ಹೋಗೋರು, ಅವರಿಗೆ ನಳ ಯಾಕೆ" ಅನ್ನುವ ಮಾತು ಬಂದರೆ ಅದನ್ನು ಒಪ್ಪಬೇಡಿ. ಬಾಯಾರಿಕೆ ಫೈಲ್ ಮುಗಿಯುವ ತನಕ ಕಾಯೋದಿಲ್ಲ. ಕಾನೂನಿನಲ್ಲಿ ದಾರಿಯೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2), ಗ್ರಾಮಸಭೆ ಶಿಫಾರಸು ಮಾಡಿದರೆ ಕುಡಿಯುವ ನೀರು ಮತ್ತು ನೀರಿನ ಪೈಪ್‌ಲೈನ್‌ಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯಭೂಮಿ ಬಳಸಲು ಅವಕಾಶ ಕೊಡುತ್ತೆ. ವನ್ಯಜೀವಿಧಾಮದೊಳಗೆ ವನ್ಯಜೀವಿ ಕಾಯ್ದೆಯನ್ನೂ ನೋಡಬೇಕು, ಅಲ್ಲೇ ಫೈಲ್ ನಿಲ್ಲೋದು. ಶುದ್ಧ ನೀರು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಝರಿಯ ಬಾಯಿಗೆ ಒಂದು ಮುಚ್ಚಿದ ತೊಟ್ಟಿ, ಇಳಿಜಾರಿನಲ್ಲಿ ತಾನೇ ಇಳಿದು ಬರುವ ಒಂದು ಪೈಪು, ಊರಲ್ಲೊಂದು ಟಾಕಿ, ಬೇಸಿಗೆಗೆ ಸೋಲಾರ್ ಪಂಪಿನ ಒಂದು ಬಾವಿ. ಇದಕ್ಕೆ ಯಾವ ಹುಲಿಯೂ ಆಕ್ಷೇಪಣೆ ಸಲ್ಲಿಸೋದಿಲ್ಲ.

ಹಾಗಾದರೆ ನಾವು ಏನು ಕೇಳಬೇಕು? ನಿಮ್ಮ ಕಾರ್ಪೊರೇಟರ್, ಪಂಚಾಯಿತಿ ಸದಸ್ಯ, ಶಾಸಕ ಎದುರಿಗೆ ಸಿಕ್ಕಾಗ "ಎಷ್ಟು ನಳ ಹಾಕಿದಿರಿ" ಅಂತ ಕೇಳಬೇಡಿ. ಅದಕ್ಕೆ ಅವರ ಹತ್ತಿರ ಉತ್ತರ ಇದೆ. ಇವನ್ನು ಕೇಳಿ.

ಒಂದು, ವಾರಕ್ಕೆ ಎಷ್ಟು ಗಂಟೆ ನೀರು? ಯಾವ ಗಂಟೆಗೆ ಅನ್ನೋದು ಮೊದಲೇ ಗೊತ್ತಿರುತ್ತಾ?

ಎರಡು, ಓಣಿಯ ಕೊನೆಯ ಮನೆಗೆ ಒತ್ತಡ ಎಷ್ಟು? ಮೊದಲ ಮನೆಯದ್ದಲ್ಲ.

ಮೂರು, ನೀರು ಪರೀಕ್ಷೆ ಮಾಡಿದ್ದು ಎಲ್ಲಿ? ಘಟಕದಲ್ಲೋ ನಳದಲ್ಲೋ? ನಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನೋದು ನಮ್ಮ ದೇಶದ್ದೇ ಮಾನದಂಡ. ಹಳ್ಳಿಗಳಲ್ಲಿ ಪರೀಕ್ಷಾ ಕಿಟ್ ಕೊಟ್ಟು ಐದೈದು ಮಹಿಳೆಯರಿಗೆ ತರಬೇತಿ ಕೊಡಬೇಕು ಅಂತ ಮಿಷನ್‌ನ ನಿಯಮವೇ ಇದೆ. ನಿಮ್ಮ ಊರಿನ ಆ ಐವರು ಯಾರು?

ನಾಲ್ಕು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮೂಲ ಯಾವುದು? ಆಗಸ್ಟ್‌ನಲ್ಲಿ ನೀರು ಕೊಡೋದು ಖಾನಾಪುರದಲ್ಲಿ ಸಾಧನೆ ಅಲ್ಲ.

ಐದು, ಹೊತ್ತು ತರುವವರು ಯಾರು? ಅವರು ಆ ಹೊತ್ತಿನಲ್ಲಿ ಶಾಲೆಯಲ್ಲಿ ಇರಬೇಕಿತ್ತಾ, ಕೂಲಿಯಲ್ಲಿ ಇರಬೇಕಿತ್ತಾ, ನಿದ್ದೆಯಲ್ಲಿ ಇರಬೇಕಿತ್ತಾ?

ಈ ಐದನೇ ಪ್ರಶ್ನೆ ನನ್ನ ಮನೆಯದ್ದೂ ಹೌದು. ಈಗ ನಮ್ಮ ಮನೆಗೆ ಸಂಪ್ ಇದೆ, ಮೇಲೆ ಟಾಕಿ ಇದೆ, ಮೋಟಾರ್ ಇದೆ, ಅಡುಗೆಮನೆಯಲ್ಲಿ ಒಂದು ಲೀಟರ್ ಶುದ್ಧ ಮಾಡಲು ಎರಡು-ಮೂರು ಲೀಟರ್ ಹೊರಗೆ ಚೆಲ್ಲುವ ಫಿಲ್ಟರ್ ಇದೆ. ಸಂಬಳ ಬಂದಂತೆ ಒಂದೊಂದಾಗಿ ಹಾಕಿಸಿದೆ. ಅಂದರೆ ಊರಿನ ಪೈಪು ಮಾಡಬೇಕಾದ ಕೆಲಸವನ್ನು ನಾನು ನಮ್ಮ ಕಂಪೌಂಡಿನೊಳಗೆ ಖಾಸಗಿಯಾಗಿ ಮಾಡಿಕೊಂಡೆ. ಅವತ್ತಿನಿಂದ ನೀರಿನ ಬಗ್ಗೆ ನಾನು ಜಗಳ ಆಡೋದನ್ನು ನಿಲ್ಲಿಸಿದೆ. ನನ್ನಂಥವರೆಲ್ಲ ನಿಲ್ಲಿಸಿದೆವು. ನಳ ಸರಿಯಿಲ್ಲ ಅಂತ ಗಟ್ಟಿಯಾಗಿ ಕೇಳಬಲ್ಲವರೆಲ್ಲ ಸಂಪ್ ಕಟ್ಟಿಸಿಕೊಂಡು ಸುಮ್ಮನಾದರೆ, ಕೊಡ ಇಟ್ಟು ಕಾಯುವವರ ಪರವಾಗಿ ಮಾತಾಡೋರು ಯಾರು?

ಮೊನ್ನೆ ಊರಿಗೆ ಹೋಗಿದ್ದೆ. ರಾತ್ರಿ ಎಚ್ಚರವಾಗಿ ನೋಡಿದರೆ ಅವ್ವ ಅಂಗಳದಲ್ಲಿ ಕೂತಿದ್ದಳು. ಯಾಕಬೇ, ಟಾಕಿ ತುಂಬೈತಲ್ಲ ಅಂದೆ. "ನಮ್ದು ತುಂಬೈತಿ," ಅಂದಳು, "ಹಿಂದಿನ ಮನೀಯಾಕಿಗೆ ಮೋಟಾರ್ ಇಲ್ಲ. ನಳ ಬಂದ್ರ ಎಬ್ಬಸ್ತೀನಿ ಅಂದೀನಿ."